ಓದುಗರ ಪ್ರಶ್ನೆ: ಟಿಮ್ ಪೇನ್‌ಗಿಂತ ಮುಂಚೆ ಆಸ್ಟ್ರೇಲಿಯಾಕ್ಕೆ ಕೀಪರ್ ನಾಯಕ ಇರಲೇ ಇಲ್ಲವೇ?

ಇದ್ದರು, ಮೂವರು. ಜಾಕ್ ಬ್ಲ್ಯಾಕ್‌ಹ್ಯಾಮ್ 8 ಟೆಸ್ಟ್, ಬ್ಯಾರಿ ಜಾರ್ಮನ್ 1, ಆಡಂ ಗಿಲ್‌ಕ್ರಿಸ್ಟ್ 6. ನಾಲ್ಕನೆಯವನಾಗಿ ಬಂದ ಟಿಮ್ ಪೇನ್ 23 ಟೆಸ್ಟ್‌ಗಳಲ್ಲಿ ತಂಡ ನಡೆಸಿದ. ಕೇಳಿದ್ದಕ್ಕೆ ಉತ್ತರ ಇಷ್ಟೇ, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಮರುದಿನವೇ ಇನ್ನೊಂದು ಪತ್ರ ಬರುತ್ತದೆ: ‘ಸರ್, ಗಿಲ್‌ಕ್ರಿಸ್ಟ್‌ನನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವನು ಬರೀ ನಾಯಕ ರಿಕಿ ಪಾಂಟಿಂಗ್ ಜಾಗದಲ್ಲಿ ನಿಂತಿದ್ದ.’ ಈ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಹೇಳುತ್ತೇನೆ.

ಮೊದಲು ಬ್ಲ್ಯಾಕ್‌ಹ್ಯಾಮ್. 1877ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಮೊಟ್ಟಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕೀಪರ್ ಅವನೇ. ಆಗಲೇ ಅವನ ಹೆಸರಿನಲ್ಲಿ ಒಂದು ಜಗಳ ಆಗಿತ್ತು. ವೇಗದ ಬೌಲರ್ ಫ್ರೆಡ್ ಸ್ಪಾಫರ್ತ್, ‘ನನ್ನ ಬೌಲಿಂಗಿಗೆ ಬಿಲ್ಲಿ ಮರ್ಡಕ್ ಕೀಪಿಂಗ್ ಮಾಡಬೇಕು, ಇಲ್ಲದಿದ್ದರೆ ನಾನು ಆಡುವುದಿಲ್ಲ’ ಎಂದು ಆ ಪಂದ್ಯದಿಂದ ಹೊರಗೇ ಉಳಿದ. ಎರಡನೇ ಟೆಸ್ಟ್‌ಗೆ ಬಂದ. ಅಲ್ಲಿ ಅದೇ ಬ್ಲ್ಯಾಕ್‌ಹ್ಯಾಮ್ ಸ್ಟಂಪ್‌ಗೆ ಅಂಟಿಕೊಂಡು ನಿಂತು, ಸ್ಪಾಫರ್ತ್‌ನ ಎಸೆತದಲ್ಲೇ ಆಲ್ಫ್ರೆಡ್ ಶಾನನ್ನು ಸ್ಟಂಪ್ ಔಟ್ ಮಾಡಿದ. ಇವತ್ತಿನ ಕೀಪರ್‌ಗಳ ದಪ್ಪ ಗ್ಲೌಸ್ ಆಗ ಎಲ್ಲಿತ್ತು? ತೋಟದ ಕೆಲಸಕ್ಕೆ ಹಾಕುವಂಥ ತೆಳು ಚರ್ಮದ ಕೈಗವಸಿನಲ್ಲಿ ಆ ವೇಗ ಹಿಡಿಯಬೇಕು.

ಅವನ ನಾಯಕತ್ವದಲ್ಲಿ ಆಸ್ಟ್ರೇಲಿಯಾ 1891-92ರಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿತು. ಕೊನೆ ಮಾತ್ರ ಕಹಿ. 1894ರ ಡಿಸೆಂಬರ್, ಸಿಡ್ನಿ. ಆಸ್ಟ್ರೇಲಿಯಾ 586 ಹೊಡೆಯಿತು, ಅದರಲ್ಲಿ ಬ್ಲ್ಯಾಕ್‌ಹ್ಯಾಮ್‌ನದು 74, ಅವನ ಜೀವನದ ಅತಿ ಹೆಚ್ಚಿನ ಟೆಸ್ಟ್ ಸ್ಕೋರು. ಇಂಗ್ಲೆಂಡ್ ಫಾಲೋಆನ್ ಆಯಿತು, ಅಂದರೆ ಬೆನ್ನಿಗೇ ಎರಡನೇ ಇನಿಂಗ್ಸ್ ಆಡಬೇಕಾಯಿತು. ಆಸ್ಟ್ರೇಲಿಯಾಕ್ಕೆ ಗೆಲ್ಲಲು 177 ಬೇಕು, ಕೊನೆಯ ದಿನಕ್ಕೆ ಉಳಿದದ್ದು 64 ರನ್, ಕೈಯಲ್ಲಿ 8 ವಿಕೆಟ್. ರಾತ್ರಿ ಮಳೆ ಸುರಿಯಿತು, ಬೆಳಿಗ್ಗೆ ಬಿಸಿಲು ಬಿತ್ತು. ಆ ಅಂಟು ಪಿಚ್ ಮೇಲೆ ಇಂಗ್ಲೆಂಡಿನ ಸ್ಪಿನ್ನರ್ ಬಾಬಿ ಪೀಲ್ ಎಲ್ಲರನ್ನೂ ಕಟ್ಟಿಹಾಕಿದ. ಆಸ್ಟ್ರೇಲಿಯಾ ಹತ್ತೇ ರನ್‌ಗಳಿಂದ ಸೋತಿತು. ಹೆಬ್ಬೆರಳಿಗೆ ಪೆಟ್ಟು ತಿಂದಿದ್ದ ಬ್ಲ್ಯಾಕ್‌ಹ್ಯಾಮ್ ಮತ್ತೆ ಟೆಸ್ಟ್ ಆಡಲಿಲ್ಲ.

ಜಾರ್ಮನ್‌ದು ಚಿಕ್ಕ ಕಥೆ. ವರ್ಷಗಟ್ಟಲೆ ವಾಲಿ ಗ್ರೌಟ್‌ನ ಹಿಂದೆ ಕಾದು ಕೂತವನು. 1968ರಲ್ಲಿ ಬಿಲ್ ಲಾರಿ ಬೆರಳು ಮುರಿದುಕೊಂಡಾಗ ಹೆಡಿಂಗ್ಲಿಯಲ್ಲಿ ಒಂದು ಟೆಸ್ಟ್‌ಗೆ ನಾಯಕನಾದ. ಪಂದ್ಯ ಡ್ರಾ ಆಯಿತು, ಇಂಗ್ಲೆಂಡ್ ಜೊತೆಗಿನ ಸರಣಿಯ ಟ್ರೋಫಿ ಆಶಸ್ ಆಸ್ಟ್ರೇಲಿಯಾದ ಕೈಯಲ್ಲೇ ಉಳಿಯಿತು.

ಈಗ ಗಿಲ್‌ಕ್ರಿಸ್ಟ್‌ಗೆ ಬರೋಣ.

‘2004ರಲ್ಲಿ ಪಾಂಟಿಂಗ್ ತಂಡ ಇಂಡಿಯಾದಲ್ಲಿ ಸರಣಿ ಗೆದ್ದಿತಲ್ಲ’ ಎಂಬ ಸಾಲನ್ನು ಚಹಾ ಅಂಗಡಿಯಲ್ಲೂ ಕೇಳಿದ್ದೇನೆ, ಕ್ವಿಜ್ ಕಾರ್ಯಕ್ರಮದಲ್ಲೂ ಕೇಳಿದ್ದೇನೆ. ಕ್ವಿಜ್‌ನಲ್ಲಿ ಆ ಉತ್ತರಕ್ಕೆ ಅಂಕವನ್ನೂ ಕೊಟ್ಟರು. ನಾನು ಎದ್ದು ನಿಂತು ತಕರಾರು ಮಾಡಿದೆ, ‘ಕೂತ್ಕೊಳ್ಳಿ ಸರ್’ ಅಂದರು. ಕೂತೆ. ಆದರೆ ಒಪ್ಪಿಲ್ಲ, ಇವತ್ತಿಗೂ ಒಪ್ಪುವುದಿಲ್ಲ.

ನಡೆದದ್ದು ಹೀಗೆ. ಆ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಚಾಂಪಿಯನ್ಸ್ ಟ್ರೋಫಿ ಆಡುವಾಗ ಪಾಂಟಿಂಗ್ ಹೆಬ್ಬೆರಳು ಮುರಿಯಿತು. ಇಂಡಿಯಾದ ನಾಲ್ಕು ಟೆಸ್ಟ್‌ಗಳಲ್ಲಿ ಮೊದಲ ಮೂರಕ್ಕೆ ಅವನು ಮೈದಾನಕ್ಕೆ ಇಳಿಯಲೇ ಇಲ್ಲ. ಬೆಂಗಳೂರು, ಚೆನ್ನೈ, ನಾಗ್ಪುರ, ಮೂರಕ್ಕೂ ಟಾಸ್‌ಗೆ ಹೋದವನು ಗಿಲ್‌ಕ್ರಿಸ್ಟ್. ಬೆಂಗಳೂರಿನಲ್ಲಿ 217 ರನ್‌ಗಳ ಗೆಲುವು. ಚೆನ್ನೈನಲ್ಲಿ ಡ್ರಾ. ನಾಗ್ಪುರದಲ್ಲಿ 342 ರನ್‌ಗಳ ಗೆಲುವು, ಸರಣಿ 2-0, ಅಲ್ಲಿಗೆ ಮುಗಿಯಿತು. 1969-70ರಲ್ಲಿ ಲಾರಿ ತಂಡ ಗೆದ್ದ ಮೇಲೆ ಇಲ್ಲಿ ಆಸ್ಟ್ರೇಲಿಯಾಕ್ಕೆ ಸಿಕ್ಕ ಮೊದಲ ಸರಣಿ ಅದು. ಹಿಂದಿನ ನಾಯಕ ಸ್ಟೀವ್ ವಾ ತನ್ನ ಕೊನೆಯ ಗಡಿ ಎಂದು ಕರೆದು 2001ರಲ್ಲಿ ದಾಟಲು ಆಗದೆ ಹೋದ ಗಡಿ ಅದು. ಪಾಂಟಿಂಗ್ ಬಂದದ್ದು ಮುಂಬೈನ ನಾಲ್ಕನೇ ಟೆಸ್ಟ್‌ಗೆ. ಅಲ್ಲಿ ಗೆಲ್ಲಲು 107 ಬೇಕಿತ್ತು, 93ಕ್ಕೆ ಆಲೌಟ್. ಅಂದರೆ ಆ ಸರಣಿಯಲ್ಲಿ ಪಾಂಟಿಂಗ್ ನಾಯಕನಾಗಿದ್ದ ಒಂದೇ ಟೆಸ್ಟನ್ನು ಆಸ್ಟ್ರೇಲಿಯಾ ಸೋತಿತು.

ಇನ್ನೂ ಮುಂದಕ್ಕೆ ಹೋಗಿ ನೋಡಿ. 2008ರಲ್ಲಿ ಪಾಂಟಿಂಗ್ ನಾಯಕನಾಗಿ ಬಂದ, 2-0 ಸೋಲು. 2010ರಲ್ಲಿ ಮತ್ತೆ ಬಂದ, ಮತ್ತೆ 2-0. ನಾಯಕನಾಗಿ ಇಂಡಿಯಾದ ನೆಲದಲ್ಲಿ ಅವನು ಒಂದೇ ಒಂದು ಟೆಸ್ಟ್ ಗೆದ್ದಿಲ್ಲ. ಪಾಂಟಿಂಗ್ ದೊಡ್ಡ ಆಟಗಾರ, ಎರಡು ವಿಶ್ವಕಪ್ ಗೆದ್ದ ನಾಯಕ. ಅವನ ಬುಟ್ಟಿ ತುಂಬಿದೆ. ಅವನದಲ್ಲದ್ದನ್ನೂ ತಂದು ಅದಕ್ಕೇ ಯಾಕೆ ತುಂಬಬೇಕು?

‘ಯೋಜನೆ ಎಲ್ಲ ಮೊದಲೇ ಸಿದ್ಧವಾಗಿತ್ತು, ಇವನು ಜಾರಿ ಮಾಡಿದ ಅಷ್ಟೇ’ ಎನ್ನುವವರೂ ಇದ್ದಾರೆ. ಯೋಜನೆಯಲ್ಲಿ ಕೋಚ್ ಜಾನ್ ಬ್ಯುಕಾನನ್, ಪಾಂಟಿಂಗ್, ಹಿರಿಯ ಬೌಲರ್‌ಗಳು, ಎಲ್ಲರ ಪಾಲೂ ಇತ್ತು, ನಿಜ. ಸ್ಟಂಪ್‌ಗೆ ನೇರವಾಗಿ ಹಾಕು, ಬೌಂಡರಿ ಕಾಯಿ, ಬ್ಯಾಟ್ಸ್‌ಮನ್‌ನ ಸಹನೆ ಮುರಿಯುವ ತನಕ ಸುಮ್ಮನಿರು. ಹೇಳುವುದಕ್ಕೆ ಸುಲಭ. ಆದರೆ ಸ್ಲಿಪ್‌ನಲ್ಲಿ ಮೂವರು ನಾಲ್ವರನ್ನು ನಿಲ್ಲಿಸಿ ಮೈಮೇಲೆ ಬೀಳುವುದನ್ನೇ ಗಂಡಸುತನ ಅಂದುಕೊಂಡಿದ್ದ ತಂಡಕ್ಕೆ, ಮೊದಲ ಗಂಟೆಯಲ್ಲೇ ಡೀಪ್‌ನಲ್ಲಿ ಕಾವಲು ಹಾಕು ಅಂತ ಒಪ್ಪಿಸುವುದು ಸಣ್ಣ ಕೆಲಸವೇ? ಮೆಗ್ರಾತ್, ಗಿಲೆಸ್ಪಿ, ವಾರ್ನ್‌ರಂಥವರನ್ನು ಒಪ್ಪಿಸಿ, ದಿನವಿಡೀ ಅದಕ್ಕೇ ಕಟ್ಟುಬಿದ್ದು ಇರುವಂತೆ ನೋಡಿಕೊಳ್ಳಬೇಕು. ಮೈದಾನದಲ್ಲಿ ಇಲ್ಲದವನು ಇದನ್ನು ಮಾಡಿದ ಅಂತ ಹೇಳುವುದು ಹೇಗೆ?

ಆ ಅಕ್ಟೋಬರ್‌ನಲ್ಲಿ ನಾನು ಚಿನ್ನಸ್ವಾಮಿಯ ಗ್ಯಾಲರಿಯಲ್ಲಿದ್ದೆ. ಮೈಕಲ್ ಕ್ಲಾರ್ಕ್ ಚೊಚ್ಚಲ ಟೆಸ್ಟ್‌ನಲ್ಲೇ ಶತಕದ ಹತ್ತಿರ ಬಂದು, ಹೆಲ್ಮೆಟ್ ತೆಗೆದು ಹಸಿರು ಟೋಪಿ ತರಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. 151 ಹೊಡೆದ. ಅದೇ ಇನಿಂಗ್ಸ್‌ನಲ್ಲಿ ಗಿಲ್‌ಕ್ರಿಸ್ಟ್ ಹೊಡೆದ 104 ಯಾರ ಬಾಯಲ್ಲೂ ಇಲ್ಲ. ನನ್ನ ಕಣ್ಣಲ್ಲಿ ಉಳಿದಿರುವುದು ಶತಕವೂ ಅಲ್ಲ. ಓವರ್ ಮುಗಿಯುತ್ತಿದ್ದಂತೆ ಒಂದು ಗ್ಲೌಸ್ ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಕಡೆಯ ತುದಿಗೆ ನಡೆಯುತ್ತಲೇ ಬೌಲರ್ ಜೊತೆ ಎರಡು ಮಾತು, ಹಿಂದಕ್ಕೆ ತಿರುಗಿ ಬರಿಗೈಯಲ್ಲಿ ಬೌಂಡರಿಯವನಿಗೆ ಎರಡು ಹೆಜ್ಜೆ ಸರಿ ಅಂತ ಸನ್ನೆ, ಮತ್ತೆ ಗ್ಲೌಸ್ ಹಾಕಿ ಕುಕ್ಕುರುಗಾಲು. ಬೇರೆ ನಾಯಕರು ಮಿಡ್‌ಆಫ್‌ನಲ್ಲಿ ನಿಂತು ಆರಾಮವಾಗಿ ಮಾಡುವ ಕೆಲಸವನ್ನು ಅವನು ಆ ನಡಿಗೆಯಲ್ಲೇ ಮುಗಿಸುತ್ತಿದ್ದ. ಚೆನ್ನೈನಲ್ಲಿ ಕುಂಬ್ಳೆ ಮೊದಲ ಇನಿಂಗ್ಸ್‌ನಲ್ಲಿ 7 ವಿಕೆಟ್ ಕಿತ್ತು ತಂಡವನ್ನು ಅಲ್ಲಾಡಿಸಿದಾಗ, ಎರಡನೇ ಇನಿಂಗ್ಸ್‌ಗೆ ತಾನೇ ಮೂರನೇ ಕ್ರಮಾಂಕದಲ್ಲಿ ಇಳಿದು 49 ಹೊಡೆದ. ಬರೀ ಜಾಗ ಕಾಯುವವನು ಹೀಗೆ ಮಾಡುತ್ತಾನೆಯೇ?

ಅವನು ಸೋತದ್ದನ್ನೂ ಮುಚ್ಚಿಡುವುದಿಲ್ಲ. 2001ರಲ್ಲಿ ಹೆಡಿಂಗ್ಲಿಯಲ್ಲಿ ಡಿಕ್ಲೇರ್ ಮಾಡಿ ಇಂಗ್ಲೆಂಡಿಗೆ 315ರ ಗುರಿ ಇಟ್ಟ, ಮಾರ್ಕ್ ಬುಚರ್ 173 ಹೊಡೆದು ಔಟಾಗದೆ ಗೆಲ್ಲಿಸಿಕೊಂಡು ಹೋದ. ಆರು ಟೆಸ್ಟ್‌ಗಳಲ್ಲಿ ಅದೊಂದೇ ಸೋಲು, ನಾಲ್ಕು ಗೆಲುವು. 2004ರ ನಂತರ 2023ರ ಪ್ರವಾಸದವರೆಗೂ ಯಾವ ಆಸ್ಟ್ರೇಲಿಯಾ ನಾಯಕನೂ ಇಂಡಿಯಾದಲ್ಲಿ ಟೆಸ್ಟ್ ಸರಣಿ ಗೆದ್ದಿಲ್ಲ. ಐವತ್ತು ವರ್ಷಗಳಲ್ಲಿ ಅದನ್ನು ಮಾಡಿದವನು ಒಬ್ಬನೇ, ಅವನು ಕೀಪರ್.

ಹಾಗಾದರೆ ಕೀಪರ್‌ಗಳಿಗೆ ಪಟ್ಟ ಯಾಕೆ ಅಪರೂಪ? ‘ಎರಡು ಹೊರೆ ಆಗುತ್ತೆ’ ಎನ್ನುವುದು ಅರ್ಧ ಉತ್ತರ. ಆಸ್ಟ್ರೇಲಿಯನ್ನರ ಪದ್ಧತಿ ಏನೆಂದರೆ ಮೊದಲು ಹನ್ನೊಂದು ಜನ, ಆಮೇಲೆ ಅವರೊಳಗೊಬ್ಬ ನಾಯಕ. ಜಾಗ ಭದ್ರವಾಗಿರುವವನೇ ಬೇಕು. ಏಳು, ಎಂಟರಲ್ಲಿ ಆಡುವ ಕೀಪರ್‌ಗೆ ಇರುವುದು ಒಂದೇ ಕುರ್ಚಿ, ಬೆರಳು ಮುರಿದರೆ ಅದೂ ಹೋಯಿತು. ಹಾಗಾಗಿ ಪಟ್ಟ ಮೇಲಿನ ಕ್ರಮಾಂಕದ ಬ್ಯಾಟ್ಸ್‌ಮನ್‌ಗಳ ಮನೆಯ ಸ್ವತ್ತಾಯಿತು. ವೇಗದ ಬೌಲರ್‌ಗಳಿಗೂ ಇದೇ ಗತಿ. ರೇ ಲಿಂಡ್‌ವಾಲ್‌ನಂಥವನಿಗೆ ಸಿಕ್ಕಿದ್ದು 1956ರಲ್ಲಿ ಮುಂಬೈನ ಒಂದೇ ಟೆಸ್ಟ್. ಪ್ಯಾಟ್ ಕಮಿನ್ಸ್ ಬರುವ ತನಕ ಅವರೂ ಕಾದರು.

ಕೀಪರ್‌ಗೆ ಸಿಗುತ್ತಿದ್ದದ್ದು ಉಪನಾಯಕತ್ವ. 119 ಟೆಸ್ಟ್ ಆಡಿದ ಇಯಾನ್ ಹೀಲಿ ಮಾರ್ಕ್ ಟೇಲರ್‌ಗೆ ಉಪನಾಯಕ, 1997ರಲ್ಲಿ ಅದನ್ನೂ ಕಿತ್ತು ಸ್ಟೀವ್ ವಾಗೆ ಕೊಟ್ಟರು. 355 ಬಲಿ ಪಡೆದ ರಾಡ್ ಮಾರ್ಷ್ 1981ರ ಇಂಗ್ಲೆಂಡ್ ಪ್ರವಾಸದಲ್ಲಿ ತನಗಿಂತ ಕಿರಿಯ ಕಿಮ್ ಹ್ಯೂಸ್‌ಗೆ ಉಪನಾಯಕ, ಟೆಸ್ಟ್ ನಾಯಕತ್ವ ಅವನಿಗೆ ಕೊನೆಗೂ ಬರಲಿಲ್ಲ. ಆಮೇಲಿನದು ಕೇಳಿ. 2014ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಇಂಡಿಯಾ ವಿರುದ್ಧ ಮೈಕಲ್ ಕ್ಲಾರ್ಕ್ ಗಾಯಗೊಂಡಾಗ, ಕೊನೆಯ ದಿನ ತಂಡವನ್ನು ನಡೆಸಿ ಗೆಲ್ಲಿಸಿದವನು ಉಪನಾಯಕ, ಕೀಪರ್ ಬ್ರಾಡ್ ಹ್ಯಾಡಿನ್. ಮುಂದಿನ ಟೆಸ್ಟ್‌ಗೆ ಪಟ್ಟ ಹೋದದ್ದು 25 ವರ್ಷದ ಸ್ಟೀವ್ ಸ್ಮಿತ್‌ಗೆ. ಆಗ ಆಯ್ಕೆ ಸಮಿತಿಯ ಅಧ್ಯಕ್ಷ ಅದೇ ರಾಡ್ ಮಾರ್ಷ್.

ಆ ಪಟ್ಟ ಕೀಪರ್ ಕೈಗೆ ಬಂದದ್ದು 2018ರ ಮಾರ್ಚ್‌ನಲ್ಲಿ, ಕೇಪ್‌ಟೌನ್‌ನಲ್ಲಿ ಚೆಂಡು ಉಜ್ಜಿ ಕೆಡಿಸಲು ಹೋದ ಸ್ಯಾಂಡ್‌ಪೇಪರ್ ಹಗರಣದ ನಡುವೆ. ಪೇನ್ ಅದಕ್ಕೆ ಕೆಲವೇ ತಿಂಗಳ ಹಿಂದೆ ಆಟ ಬಿಟ್ಟು ಕ್ರಿಕೆಟ್ ಸಾಮಾನು ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದವನು. ಜೊಹಾನೆಸ್‌ಬರ್ಗ್ ಟೆಸ್ಟ್ ಶುರುವಾಗುವ ಮೊದಲು ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ ಕೈ ಕುಲುಕಿಸಿದ. 2019ರಲ್ಲಿ ಇಂಗ್ಲೆಂಡಿನಲ್ಲಿ ಆಶಸ್ ಉಳಿಸಿಕೊಂಡ. ಹೊರೆಯ ಮಾತು ಆಡುವವರಿಗೆ ಅವನಲ್ಲೇ ಉದಾಹರಣೆಗಳೂ ಇವೆ, ಒಪ್ಪುತ್ತೇನೆ. ಲೀಡ್ಸ್‌ನಲ್ಲಿ ಕೊನೆಯ ರಿವ್ಯೂ ದಂಡ ಮಾಡಿದ, ಅದರ ಬೆನ್ನಿಗೇ ಬೆನ್ ಸ್ಟೋಕ್ಸ್‌ನ ಎಲ್‌ಬಿ ಅಂಪೈರ್ ಕೊಡದಿದ್ದಾಗ ಕೇಳಲು ರಿವ್ಯೂ ಇರಲಿಲ್ಲ. 2021ರ ಜನವರಿಯಲ್ಲಿ ಸಿಡ್ನಿಯ ಕೊನೆಯ ದಿನ ಕ್ಯಾಚ್ ಮೇಲೆ ಕ್ಯಾಚ್ ಬಿಟ್ಟ, ಅಶ್ವಿನ್ ಜೊತೆ ಬಾಯಿ ಮಾಡಿದ, ಮರುದಿನ ಕ್ಷಮೆ ಕೇಳಿದ.

ಇಷ್ಟು ಬರೆದ ಮೇಲೆ ನನ್ನ ತಲೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಕೊರೆಯುತ್ತಿದೆ, ಯಾರೂ ಕೇಳಿಲ್ಲ, ಆದರೂ ಬರೆಯುತ್ತೇನೆ. ಪಟ್ಟ ಇಲ್ಲದ ಕೀಪರ್ ತಂಡಕ್ಕೆ ಏನಾಗಿದ್ದ?

1933, ಅಡಿಲೇಡ್, ಇಂಗ್ಲೆಂಡ್ ಬೌಲರ್‌ಗಳು ಮೈಗೆ ಗುರಿಯಿಟ್ಟು ಎಸೆದ ಬಾಡಿಲೈನ್ ಸರಣಿ. ಹೆರಾಲ್ಡ್ ಲಾರ್‌ವುಡ್‌ನ ಚೆಂಡು ಕೀಪರ್ ಬರ್ಟ್ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಒಡೆಯಿತು. ಇಡೀ ಮೈದಾನ ಕುದಿಯುತ್ತಿತ್ತು. ಓಲ್ಡ್‌ಫೀಲ್ಡ್ ಹೇಳಿದ್ದು, ಅದು ಲಾರ್‌ವುಡ್‌ನ ತಪ್ಪಲ್ಲ ಅಂತ. 1964, ಟ್ರೆಂಟ್‌ಬ್ರಿಜ್. ರನ್ ಓಡುವಾಗ ಇಂಗ್ಲೆಂಡಿನ ಫ್ರೆಡ್ ಟಿಟ್ಮಸ್ ಬೌಲರ್‌ಗೆ ಡಿಕ್ಕಿ ಹೊಡೆದು ಬಿದ್ದ. ಚೆಂಡು ವಾಲಿ ಗ್ರೌಟ್ ಕೈಯಲ್ಲಿ, ಸ್ಟಂಪ್ ಪಕ್ಕದಲ್ಲೇ. ಗ್ರೌಟ್ ಬೇಲ್ ಎಗರಿಸಲಿಲ್ಲ, ಟಿಟ್ಮಸ್ ಎದ್ದು ಕ್ರೀಸ್ ಸೇರಲಿ ಅಂತ ಬಿಟ್ಟ. 1977ರ ಶತಮಾನೋತ್ಸವ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಡೆರೆಕ್ ರ್‍ಯಾಂಡಲ್ 161ರಲ್ಲಿ ಆಡುತ್ತಿದ್ದಾಗ ಅಂಪೈರ್ ಔಟ್ ಕೊಟ್ಟ, ‘ಚೆಂಡು ನೆಲಕ್ಕೆ ತಾಗಿತ್ತು’ ಎಂದು ವಾಪಸ್ ಕರೆಸಿದವನು ರಾಡ್ ಮಾರ್ಷ್. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಂಪೈರ್ ತಲೆ ಅಲ್ಲಾಡಿಸಿ ನಾಟೌಟ್ ಎನ್ನುತ್ತಿದ್ದರೂ ಬ್ಯಾಟ್ ಕಂಕುಳಲ್ಲಿಟ್ಟು ನಡೆದು ಹೋದವನು ಗಿಲ್‌ಕ್ರಿಸ್ಟ್.

ಇವೆಲ್ಲವುಗಳಲ್ಲಿ ನನ್ನನ್ನು ಬಿಡದಿರುವುದು 1981ರ ಫೆಬ್ರವರಿ 1, ಮೆಲ್ಬರ್ನ್. ನ್ಯೂಜಿಲೆಂಡಿಗೆ ಕೊನೆಯ ಎಸೆತದಲ್ಲಿ ಆರು ರನ್ ಬೇಕು, ಅದೂ ಪಂದ್ಯ ಸರಿಸಮ ಮಾಡಲಿಕ್ಕೆ. ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಹೇಳಿ, ಸಿಕ್ಸರ್ ಹೊಡೆಯಲಾಗದಂತೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಸಿದ್ಧ ಮಾಡುತ್ತಾನೆ. ಆ ಹಳೆಯ ದೃಶ್ಯವನ್ನು ಈಗ ಮತ್ತೊಮ್ಮೆ ಹಾಕಿ, ಬೌಲರ್‌ನನ್ನು ಬಿಟ್ಟು ಸ್ಟಂಪ್ ಹಿಂದೆ ನೋಡಿ. ವಿಷಯ ಗೊತ್ತಾದ ಮಾರ್ಷ್ ಆ ಕಡೆಗೆ ಮುಖ ಮಾಡಿ, ಬೇಡ, ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದಾನೆ. ಅಷ್ಟು ಹೊತ್ತಿಗೆ ಚೆಂಡು ಉರುಳಿಕೊಂಡು ಬರುತ್ತದೆ, ಬ್ರಯನ್ ಮೆಕೆಚ್ನಿ ಅದನ್ನು ತಡೆದು ಬ್ಯಾಟನ್ನು ಎಸೆಯುತ್ತಾನೆ.