ಹೈಪರ್‌ಮೆಟ್ರೋಪಿಯಾ: ಅಳತೆ ಮೀರಿದ್ದು ಯಾವುದು?

ಪ್ರಶ್ನೆ: ಮಗಳ ಕನ್ನಡಕದ ಚೀಟಿಯಲ್ಲಿ ‘ಹೈಪರ್‌ಮೆಟ್ರೋಪಿಯಾ’ ಎಂದಿದೆ. ಇನ್ನೊಬ್ಬ ವೈದ್ಯರು ‘ಹೈಪರೋಪಿಯಾ’ ಎಂದರು. ಎರಡೂ ಒಂದೇನಾ? ಹಾಗೆಂದರೇನು?

ಉತ್ತರ: ಎರಡೂ ಒಂದೇ, ಎರಡನೆಯದು ಚಿಕ್ಕ ರೂಪ ಅಷ್ಟೆ. ಹತ್ತಿರದ್ದು ಮಸುಕಾಗುವ ದೂರದೃಷ್ಟಿ ದೋಷ ಎನ್ನುತ್ತೇವಲ್ಲ, ಅದು. ಆದರೆ ಮೂಲ ಹೆಸರಿನಲ್ಲಿ ದೂರದ ಸುಳಿವೇ ಇಲ್ಲ. ಗ್ರೀಕ್‌ನಲ್ಲಿ ‘ಹೈಪರ್’ ಎಂದರೆ ಮೀರಿದ, ‘ಮೆಟ್ರಾನ್’ ಎಂದರೆ ಅಳತೆ, ‘ಆಪ್ಸ್’ ಎಂದರೆ ಕಣ್ಣು.

ಹಾಗಾದರೆ ಅಳತೆ ಮೀರಿದ ಕಣ್ಣೇ? ತಮಾಷೆಯೆಂದರೆ, ಈ ದೋಷವಿರುವ ಕಣ್ಣುಗುಡ್ಡೆ ಬಹುತೇಕ ಗಿಡ್ಡ. ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿ.ಮೀ. ಉದ್ದ. ಅದರಲ್ಲಿ 1 ಮಿ.ಮೀ. ಕಡಿಮೆಯಾದರೂ ಹತ್ತಿರಹತ್ತಿರ 3 ಡಯಾಪ್ಟರ್ (ಗಾಜಿನ ನಂಬರ್ ಅಳೆಯುವ ಮಾನ) ಪವರ್ ಬೇಕಾಗುತ್ತದೆ. ಇಲ್ಲಿ ಮೀರುವುದು ಬೆಳಕು ಕೂಡುವ ಬಿಂದು. ದೂರದಿಂದ ಬಂದ ಕಿರಣಗಳು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಒಂದುಗೂಡಬೇಕು; ಕಣ್ಣು ಗಿಡ್ಡವಾದ್ದರಿಂದ ಅವು ಕೂಡುವ ಜಾಗ ರೆಟಿನಾದ ಹಿಂದಕ್ಕೆ ಹೋಗಿಬಿಡುತ್ತದೆ. ಪ್ಲಸ್ ಗಾಜು ಅದನ್ನು ಮುಂದಕ್ಕೆ ಎಳೆಯುತ್ತದೆ.

ಈ ಹೆಸರನ್ನು ರೂಢಿಗೆ ತಂದವರು ಡಚ್ ನೇತ್ರತಜ್ಞ ಡಾಂಡರ್ಸ್. ಅವರ ದೊಡ್ಡ ಗ್ರಂಥ 1864ರಲ್ಲಿ ಬಂತು. ಸರಿಯಳತೆಯ ಕಣ್ಣಿಗೆ ‘ಎಮೆಟ್ರೋಪಿಯಾ’ ಎಂದರು, ಬೆಳಕು ರೆಟಿನಾದವರೆಗೆ ಮುಟ್ಟದೆ ಮುಂಚೆಯೇ ಕೂಡುವುದಕ್ಕೆ ‘ಬ್ರಾಕಿಮೆಟ್ರೋಪಿಯಾ’ ಎಂದರು. ಜೋಡಿ ಚೆನ್ನಾಗಿತ್ತು, ಆದರೆ ಆ ಕೊನೆಯ ಹೆಸರು ನಿಲ್ಲಲಿಲ್ಲ. ಸಮೀಪದೃಷ್ಟಿ ದೋಷಕ್ಕೆ ಹಳೆಯ ‘ಮಯೋಪಿಯಾ’ವೇ ಉಳಿಯಿತು.

ಅವರು ಮಾಡಿದ ಇನ್ನೂ ದೊಡ್ಡ ಕೆಲಸ, ಹೈಪರ್‌ಮೆಟ್ರೋಪಿಯಾವನ್ನು ವಯಸ್ಸಿನ ಚಾಳೀಸಿನಿಂದ ಸ್ಪಷ್ಟವಾಗಿ ಬೇರ್ಪಡಿಸಿದ್ದು. ಚಾಳೀಸಿಗೆ ‘ಪ್ರೆಸ್‌ಬಯೋಪಿಯಾ’ ಎನ್ನುತ್ತಾರೆ. ‘ಪ್ರೆಸ್‌ಬಿಸ್’ ಎಂದರೆ ಮುದುಕ. ಅದು ಕಣ್ಣೊಳಗಿನ ಮಸೂರ ಗಡುಸಾಗಿ ಬರುವ ತೊಂದರೆ, ಕಣ್ಣಿನ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ಲಸ್ ಗಾಜು ನೋಡಿ ‘ಇಷ್ಟು ಬೇಗ ಚಾಳೀಸು ಬಂತೇ’ ಎಂದು ಗಾಬರಿಯಾಗುವುದು ಬೇಡ.

ಹುಟ್ಟುವಾಗ ಹೆಚ್ಚಿನ ಮಕ್ಕಳ ಕಣ್ಣು ಗಿಡ್ಡವೇ, ಬೆಳೆದಂತೆ ಸರಿಹೋಗುತ್ತದೆ. ಎಳೆಯ ಮಸೂರ ಉಬ್ಬಿಕೊಂಡು ದೋಷವನ್ನು ಮುಚ್ಚಿಹಾಕುವುದರಿಂದ ಮಗು ಗೋಡೆಯ ಅಕ್ಷರಗಳನ್ನೆಲ್ಲ ಸಲೀಸಾಗಿ ಓದಿಬಿಡಬಹುದು. ಮಸೂರವನ್ನು ಉಬ್ಬಿಸುವ ಸ್ನಾಯುವನ್ನು ಸಡಿಲಿಸಲೆಂದೇ ವೈದ್ಯರು ಮೊದಲು ಡ್ರಾಪ್ಸ್ ಹಾಕಿ, ಕಾಯಿಸಿ, ಆಮೇಲೆ ನಂಬರ್ ನೋಡುವುದು. ನಂಬರ್ ಹೆಚ್ಚಿದ್ದು ಹಾಗೇ ಬಿಟ್ಟರೆ ಮೆಳ್ಳಗಣ್ಣು ಬರಬಹುದು, ಒಂದು ಕಣ್ಣು ಮಂದವಾಗಬಹುದು. ಚೀಟಿಯಲ್ಲಿರುವ ನಂಬರ್ ಡ್ರಾಪ್ಸ್ ಹಾಕಿ ನೋಡಿದ್ದೋ ಅಲ್ಲವೋ, ಕೇಳಿಕೊಳ್ಳಿ.