ಹಳೇ ಇಂಗ್ಲಿಷ್ ಪಬ್‌ನ ತೊಲೆ ಹಡಗಿನ ಮರವಾ?

ಈ ಪ್ರಶ್ನೆ ಮತ್ತೆ ಬಂದಿದೆ. "ಇಂಗ್ಲೆಂಡಿನ ಒಂದು ಹಳ್ಳಿ ಪಬ್‌ಗೆ ಹೋಗಿದ್ವಿ. ತೊಲೆಗಳ ತುಂಬಾ ಗುಳಿ, ತೂತು. ಹಳೇ ಹಡಗು ಒಡೆದು ತಂದ ಮರ ಅಂದ್ರು. ನಿಜವಾ?"

ಹೆಚ್ಚುಕಮ್ಮಿ ಯಾವಾಗಲೂ ಸುಳ್ಳು. ಎಷ್ಟು ಸಲ ಬರೆದರೂ ಈ ಕಥೆ ಸಾಯುತ್ತಿಲ್ಲ, ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಸಾಮರ್ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್‌ನಲ್ಲಿರುವ ಜಾರ್ಜ್ ಇನ್ ಎಂಬ ಹಳೇ ಪಬ್ ನೋಡಿ. 14ನೇ ಶತಮಾನದಲ್ಲಿ ಹಿಂಟನ್ ಎಂಬ ಕ್ರೈಸ್ತ ಮಠದವರು ಕಟ್ಟಿಸಿದ್ದು. ಕೆಳಗೆ ಕಲ್ಲು, ಮೇಲೆ ಬೀದಿಗೆ ಚಾಚಿಕೊಂಡ ಎರಡು ಮರದ ಅಂತಸ್ತು. ಅವು 15ನೇ ಶತಮಾನದವು. ಯಾವ ಹಡಗಿನ ಮರ ಅಂದರೆ ಜನ ಜಾಸ್ತಿ ಹೆಸರು ಹೇಳುವುದು ಸ್ಪೇನಿನ ಹಡಗುಪಡೆಯದ್ದು, ಅದು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದದ್ದು 1588ರಲ್ಲಿ. ಇಂಥ ಕಟ್ಟಡಕ್ಕೆ ಆ ಮರ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಹಡಗಿನ ಪಕ್ಕೆಗಳು ಬಾಗಿರುತ್ತವೆ. ಮನೆಗೆ ಬೇಕಾದದ್ದು ನೇರ ತೊಲೆ.

ಹಾಗಾದರೆ ಗುಳಿ ಯಾಕೆ? ತೊಲೆಯ ಕೆಳಮೈ ನೋಡಿ. ಉದ್ದನೆಯ ಗುಳಿಗಳು ಸಾಲಾಗಿ ಇರುತ್ತವೆ, ಪ್ರತಿಯೊಂದರ ಪಕ್ಕದ ಮೈಯಲ್ಲೂ ದುಂಡನೆಯ ತೂತು. ಗುಳಿಯೊಳಗೆ ಕಂಬದ ತುದಿಯನ್ನು ಕೆತ್ತಿ ಮಾಡಿದ ನಾಲಿಗೆ ಕೂರುತ್ತಿತ್ತು, ತೂತಿಗೆ ಮರದ ಗೂಟ ಹೊಡೆದು ಬಿಗಿ ಮಾಡುತ್ತಿದ್ದರು. ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಮುಂದೆ ಯಾರೋ ಎರಡು ಕೋಣೆ ಸೇರಿಸಿ ಒಂದು ಮಾಡಿದರು, ಗೋಡೆ ಹೋಯಿತು, ಗುಳಿ ಉಳಿಯಿತು. ಅಷ್ಟೇ! ಕೆಲವು ತೊಲೆ ಇನ್ನೊಂದು ಹಳೇ ಮನೆಯಿಂದ ಬಂದವು, ನಮ್ಮಲ್ಲೂ ಹಳೇ ತೊಲೆ ಎಸೆಯಲ್ಲ ಅಲ್ವಾ. ಕೂಡುವ ಜಾಗದಲ್ಲಿ ಉಳಿಯಿಂದ ಕೊರೆದ ಗೀಟುಗಳೂ ಇರುತ್ತವೆ: ಎರಡು, ಮೂರು, ನಾಲ್ಕು. ಬಡಗಿಗಳು ಇಡೀ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ನೋಡಿ, ನಂಬರ್ ಹಾಕಿ, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ನನಗೆ ಇದು ಯಾವ ಹಡಗಿನ ಕಥೆಗಿಂತ ದೊಡ್ಡದು.

ನಿಜವಾದ ಹಡಗಿನ ಮರದ ಕಟ್ಟಡ ಬೇಕೇ? ಹ್ಯಾಂಪ್‌ಶೈರ್‌ನ ವಿಕಮ್‌ಗೆ ಹೋಗಿ. 1813ರಲ್ಲಿ ಬ್ರಿಟಿಷರು ಹಿಡಿದ ಅಮೆರಿಕದ ಚೆಸಪೀಕ್ ಯುದ್ಧನೌಕೆಯ ಮರದಿಂದ 1820ರಲ್ಲಿ ಅಲ್ಲಿ ಹಿಟ್ಟಿನ ಗಿರಣಿ ಕಟ್ಟಿದ್ದಾರೆ.

ತೊಲೆ ಡೊಂಕಾಗಿರುವುದಕ್ಕೂ ಹಡಗು ಕಾರಣ ಅಲ್ಲ. ಈ ತೊಲೆಗಳು ಹೆಚ್ಚಾಗಿ ಓಕ್ ಮರದವು. ಓಕ್ ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ, ಅದಕ್ಕೇ ಹಸಿ ಇರುವಾಗಲೇ ಕೊಯ್ದು ಕೂಡಿಸುತ್ತಿದ್ದರು. ಅದು ಗೋಡೆಯಲ್ಲೇ ಒಣಗಿ, ಬಾಗಿ, ಸೀಳಿತು.

ಇನ್ನು ಇಂಥ ಕಟ್ಟಡಗಳ ಮರದ ಕಪ್ಪು ಬಣ್ಣ, ಅದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಎಷ್ಟೋ ಕಡೆ ಅದು ವಿಕ್ಟೋರಿಯಾ ಕಾಲದವರು ಬಳಿದದ್ದು. ಅದಕ್ಕೂ ಮೊದಲು ಎಷ್ಟೋ ಕಟ್ಟಡಗಳಲ್ಲಿ ಮರವನ್ನು ಹಾಗೇ ಬಿಡುತ್ತಿದ್ದರು, ಇಲ್ಲವೇ ಗೋಡೆಯ ಜೊತೆ ಅದಕ್ಕೂ ಸುಣ್ಣ ಬಳಿಯುತ್ತಿದ್ದರು. ಬಿಸಿಲು ಮಳೆಗೆ ಬಿಟ್ಟ ಓಕ್ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ.