ಗುಲಾಬಿ ರಿಬ್ಬನ್ನು ಹೆಂಗಸರ ಪಾಲಾದದ್ದು ಯಾವಾಗ?

ಮದುವೆ ಗೌನಿನ ಜಾಹೀರಾತಿನಲ್ಲಿ 'ರೊಕೋಕೋ' ಅಂತ ಕಂಡರೆ ಮುಂದೇನಿದೆ ಎಂದು ಊಹಿಸಬಹುದು. ತಿಳಿ ಗುಲಾಬಿ ಬಣ್ಣ, ಲೇಸು, ಎದೆಯ ಮೇಲೊಂದು ಬೋ, ಅಲ್ಲಲ್ಲಿ ಹೂವು. ಎಲ್ಲವೂ ಹೆಣ್ಣಿಗೆಂದೇ ಹುಟ್ಟಿದ್ದು ಅನ್ನೋ ಹಾಗೆ. ಆದರೆ 18ನೇ ಶತಮಾನದ ಫ್ರಾನ್ಸಿನಲ್ಲಿ ಈ ಅಲಂಕಾರ ಶೈಲಿ ಶುರುವಾದಾಗ ಹಾಗೇನೂ ಇರಲಿಲ್ಲ.

1715ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ತೀರಿಕೊಂಡ. ಪಟ್ಟಕ್ಕೆ ಬಂದವನು ಐದು ವರ್ಷದ ಹುಡುಗ. ಆಡಳಿತ ನೋಡಿಕೊಳ್ಳುತ್ತಿದ್ದ ಓರ್ಲೆಯಾನ್‌ನ ಡ್ಯೂಕ್ ಆಸ್ಥಾನವನ್ನೇ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ತಂದ. ದರ್ಬಾರಿನ ಗತ್ತು ಸಡಿಲವಾಯಿತು. ಶ್ರೀಮಂತರು ತಮ್ಮ ಮನೆಯ ಚಿಕ್ಕ ಕೋಣೆಗಳನ್ನು ಸಿಂಗರಿಸತೊಡಗಿದರು. ನೇರ ಗೆರೆ ಹೋಗಿ ಬಳುಕು ಬಂತು. ತೋಟದ ಗುಹೆಗಳಿಗೆ ಕಲ್ಲು, ಚಿಪ್ಪು ಅಂಟಿಸುವ ಅಲಂಕಾರಕ್ಕೆ 'ರೊಕಾಯ್' ಅನ್ನುತ್ತಿದ್ದರು. ರೊಕೋಕೋ ಎಂಬ ಹೆಸರು ಬಂದದ್ದು ಅದರಿಂದ. ಅದೂ ಎಷ್ಟೋ ವರ್ಷದ ಮೇಲೆ, ಗೇಲಿಗೆ.

ಈ ಬಳುಕು ಬಟ್ಟೆಗೂ ಇಳಿಯಿತು. 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್‌ಳನ್ನು ಬೂಷೇ 1756ರಲ್ಲಿ ಚಿತ್ರಿಸಿದ್ದಾನೆ. ಚಿತ್ರ ಈಗ ಮ್ಯೂನಿಕ್‌ನಲ್ಲಿದೆ. ಹಸಿರು ರೇಷ್ಮೆ ಗೌನು, ಅದರ ತುಂಬ ಗುಲಾಬಿ ಹೂವು. ಎದೆಯಿಂದ ಸೊಂಟಕ್ಕೆ ಒಂದರ ಕೆಳಗೊಂದು ಬೋ. ಈ ಸಾಲಿಗೆ 'ಏಣಿ' ಅಂತಲೇ ಹೆಸರು. ಮೊಣಕೈಯಿಂದ ಲೇಸು ಇಳಿಬಿದ್ದಿದೆ. ಕೈಯಲ್ಲೊಂದು ಪುಸ್ತಕ.

ನೋಡೋಕೆ ಹಗುರ. ಒಳಗಿನ ಕಥೆಯೇ ಬೇರೆ. ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳನ್ನು ಹೊಲಿದ ಬಿಗಿ ಕುಪ್ಪಸ, ಸೊಂಟದ ಎರಡೂ ಬದಿಗೆ ಲಂಗ ಅಗಲಿಸುವ 'ಪನಿಯೇ', ಅಂದರೆ ಬುಟ್ಟಿಗಳು. ಎದೆಯ ಮೇಲಿನ ತ್ರಿಕೋನದ ತುಂಡು ಬೇರೆಯೇ ಇರುತ್ತಿತ್ತು. ಉಡುವಾಗಲೆಲ್ಲ ಗುಂಡುಪಿನ್ನು ಚುಚ್ಚಿ ಕೂರಿಸಬೇಕು. ಫ್ರಿಲ್ಲಿನ ಅಂಚನ್ನು ಎಷ್ಟೋ ಸಲ ಮಡಿಚಿ ಹೊಲಿಯುತ್ತಲೇ ಇರಲಿಲ್ಲ. ಕಬ್ಬಿಣದ ಅಚ್ಚಿಟ್ಟು ಸುತ್ತಿಗೆಯಿಂದ ಬಡಿದು ಅಲೆಯಲೆಯಾಗಿ ಕತ್ತರಿಸುತ್ತಿದ್ದರು.

ಗಂಡಸರೇನು ಕಮ್ಮಿ ಇರಲಿಲ್ಲ! ರೇಷ್ಮೆ ಕೋಟು, ಹೂಬಳ್ಳಿಯ ಕಸೂತಿ, ಕುತ್ತಿಗೆಗೂ ಮಣಿಕಟ್ಟಿಗೂ ಲೇಸು. ಗುಲಾಬಿ ಬಣ್ಣ ತೊಟ್ಟರೆ ಯಾರೂ ನಗುತ್ತಿರಲಿಲ್ಲ. ಕೋಟಿನ ಬಟ್ಟೆಗೆ ಮೊದಲು ಕಸೂತಿ ಹಾಕಿಸಿ, ಆಮೇಲೆ ಟೇಲರ್ ಅಳತೆಗೆ ಕತ್ತರಿಸಿ ಹೊಲಿಯುತ್ತಿದ್ದ. ನಾವು ಬ್ಲೌಸ್ ಪೀಸಿಗೆ ಆರಿ ವರ್ಕ್ ಮಾಡಿಸಿ ಆಮೇಲೆ ಹೊಲಿಯೋಕೆ ಕೊಡ್ತೀವಲ್ಲ, ಹಾಗೇ.

1789ರ ಕ್ರಾಂತಿ ಬಂತು. ರೇಷ್ಮೆ, ಕಸೂತಿ ಅಂದರೆ ಜನರ ದುಡ್ಡು ತಿಂದ ಸಿರಿವಂತರ ಗುರುತು ಎಂದಾಯಿತು. ಗಂಡಸರು ಗಾಢ ಬಣ್ಣದ ಉಣ್ಣೆ ಕೋಟಿಗೆ ಹೊರಳಿದರು. ಹೆಂಗಸರೂ ಬುಟ್ಟಿ ಬಿಸಾಕಿ ಸರಳ ಬಿಳಿ ಗೌನು ತೊಟ್ಟರು. ನನ್ನ ಪ್ರಕಾರ ನಿಜವಾದ ತಿರುವು ಇದಾದ ಮೇಲಿನದು. 1850ರ ದಶಕದಲ್ಲಿ ಫ್ರಾನ್ಸಿನ ಮಹಾರಾಣಿ ಯೂಜೆನಿಗೆ ಕ್ರಾಂತಿಗೆ ಮುಂಚಿನ ರಾಣಿ ಮೇರಿ ಆಂಟೊನೆಟ್ ಅಂದರೆ ಹುಚ್ಚು. 18ನೇ ಶತಮಾನದ ಉಡುಪಿನಲ್ಲಿ 1854ರಲ್ಲಿ ತನ್ನ ಚಿತ್ರವನ್ನೂ ಬರೆಸಿಕೊಂಡಳು. ಹಳೆಯ ಸಿಂಗಾರ ಹೀಗೆ ವಾಪಸ್ ಬಂದಾಗ ಸೇರಿದ್ದು ಬರೀ ಹೆಂಗಸರ ಬೀರುವನ್ನು. ಗಂಡಸರು ಕಪ್ಪು ಕೋಟು ಬಿಡಲಿಲ್ಲ. ರೊಕೋಕೋಗೆ 'ಹೆಣ್ತನ'ದ ಚೀಟಿ ಅಂಟಿದ್ದು ಆಗಲೇ.

1920ರ ದಶಕದಲ್ಲಿ, ನೇರ ಗೌನುಗಳ ಭರಾಟೆಯ ನಡುವೆಯೂ, ಪ್ಯಾರಿಸ್ಸಿನ ವಸ್ತ್ರ ವಿನ್ಯಾಸಕಿ ಜಾನ್ ಲಾನ್ವಾ ಪಕ್ಕಕ್ಕೆ ಉಬ್ಬಿದ ಗೌನು ಹೊಲಿಸಿದಳು. 1990ರಲ್ಲಿ ಬ್ರಿಟನ್ನಿನ ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಬೂಷೇಯ ಇನ್ನೊಂದು ಚಿತ್ರವನ್ನೇ ಬಿಗಿ ಕುಪ್ಪಸದ, ಅಂದರೆ ಕಾರ್ಸೆಟ್ಟಿನ ಎದೆಯ ಮೇಲೆ ಅಚ್ಚು ಹಾಕಿಸಿದಳು. ಪಕ್ಕದಲ್ಲಿ ಹಿಗ್ಗುವ ಬಟ್ಟೆ, ಬೆನ್ನಿಗೆ ಜಿಪ್ಪು. ಪಿನ್ನು ಚುಚ್ಚೋಕೆ ಆಳು ಬೇಕಿಲ್ಲ.